ಪಟದ ಅಂಚಿನಲ್ಲಿ ನಿಂತವರು

ಹಾಸನ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲು ಮುಗಿದಲ್ಲಿಂದ ಮನುಷ್ಯರ ಪಟಗಳ ಸಾಲು ಮೊದಲಾಗುತ್ತದೆ. ಆ ಸಾಲಿನಲ್ಲಿ ಮೂರನೆಯದು 1986ರಲ್ಲಿ ನಡೆದ ನಮ್ಮ ಚಿಕ್ಕಪ್ಪನ ಮದುವೆಯ ಗುಂಪುಚಿತ್ರ. ಅಗಲ 12 ಅಂಗುಲ, ಎತ್ತರ 10 ಅಂಗುಲ. ಮರದ ಕಟ್ಟು, ಮೇಲೆ ಗಾಜು. ನಡುವೆ ಬಾಸಿಂಗ ಕಟ್ಟಿದ ವಧೂವರರು, ಅತ್ತಿತ್ತ ಬಂಧುಬಳಗ, ಮುಂದೆ ಚಾಪೆಯ ಮೇಲೆ ಮಕ್ಕಳು. ಆ ಮಕ್ಕಳಲ್ಲಿ ಆರು ವರ್ಷದ ನಾವೂ ಒಬ್ಬರು. ಕಣ್ಣು ಮುಚ್ಚಿಕೊಂಡಿದ್ದೇವೆ. ಪಟದ ಎಡತುದಿಯಲ್ಲಿ ಒಂದು ಬಿಳಿ ಸೀರೆಯ ಸೆರಗೂ ಒಂದು ಕೈಯ ನಾಲ್ಕು ಬೆರಳುಗಳೂ ಕಾಣುತ್ತವೆ. ಅದು ನಮ್ಮ ಅಜ್ಜಿ.

ಅಜ್ಜಿಯದು ಬೇರೆ ಫೋಟೋ ಇಲ್ಲ. ಸ್ಟುಡಿಯೋಗೆ ಹೋಗಿ ಕುಳಿತುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಮತದಾರರ ಗುರುತಿನ ಚೀಟಿಯಾದರೂ ಬಂದಿದ್ದರೆ ಸರ್ಕಾರದ ಕೃಪೆಯಿಂದ ಒಂದು ಮುಖ ಉಳಿಯುತ್ತಿತ್ತು; ಅದು ಶುರುವಾದದ್ದು 1993ರಲ್ಲಿ, ಅಜ್ಜಿ ತೀರಿಕೊಂಡದ್ದು 1991ರಲ್ಲಿ. ಮದುವೆಯ ಆಲ್ಬಮ್ಮು ಗೆದ್ದಲಿಗೆ ಆಹುತಿಯಾಗಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಅಜ್ಜಿ ಎಂದರೆ ನಾಲ್ಕು ಬೆರಳು ಎಂದಾಗಿತ್ತು. ಯಾರಾದರೂ ಹೊಸಬರು ಪಟ ನೋಡಿದರೆ, ‘ಫೋಟೋ ತೆಗೆದವನಿಗೆ ಕಣ್ಣಿರಲಿಲ್ಲವೇ?’ ಎಂದು ಕೇಳುತ್ತಿದ್ದರು. ನಾವೂ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಬಡಪಾಯಿ ಛಾಯಾಗ್ರಾಹಕನನ್ನೇ ಬೈದುಕೊಂಡು ಬಂದೆವು.

ಹೋದ ವರ್ಷ ರಜೆಯ ಮೇಲೆ ಊರಿಗೆ ಹೋದಾಗ ಅಟ್ಟ ಖಾಲಿ ಮಾಡಿಸುತ್ತಿದ್ದರು. ಅಪ್ಪನ ಜಮೀನು ಕಾಗದಗಳ ಟ್ರಂಕಿನಲ್ಲಿ, ಕಂದಾಯದ ರಸೀತಿಗಳ ನಡುವೆ, ಒಂದು ಲಕೋಟೆ ಸಿಕ್ಕಿತು. ಒಳಗೆ ಆರಾರು ಚಿತ್ರಗಳಂತೆ ಕತ್ತರಿಸಿದ ನೆಗೆಟಿವ್ ಪಟ್ಟಿಗಳು. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಹೋದರೆ ನಾಲ್ಕನೆಯ ಪಟ್ಟಿಯಲ್ಲಿ ಅದೇ ಗುಂಪುಚಿತ್ರ. ಕಿತ್ತಳೆಕಂದು ಬಣ್ಣದ ಆ ಚೂರಿನಲ್ಲಿ, ಎಲ್ಲರ ಮುಖಗಳೂ ಕಪ್ಪಾಗಿ ಕೂದಲು ಬೆಳ್ಳಗಾಗಿದ್ದರೂ, ತುದಿಯಲ್ಲಿ ಅಜ್ಜಿ ಇಡಿಯಾಗಿ ನಿಂತಿದ್ದಳು. ತಲೆಯಿಂದ ಪಾದದವರೆಗೆ. ಛಾಯಾಗ್ರಾಹಕನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಹಾಗಾದರೆ ಅಜ್ಜಿಯನ್ನು ಪಟದಿಂದ ತೆಗೆದವರು ಯಾರು? ಬಿ.ಎಸ್ಸಿ. ಓದಿ ಕಡತಗಳ ಪಾಲಾದವರಿಗೆ ಲೆಕ್ಕ ಬಿಟ್ಟರೆ ಬೇರೆ ಆಯುಧವಿಲ್ಲ. ನೆಗೆಟಿವಿನ ಚಿತ್ರದ ಅಳತೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಎಂದರೆ ಎತ್ತರ ಎರಡು ಪಾಲಾದರೆ ಅಗಲ ಮೂರು ಪಾಲು. ಇದನ್ನು 10 ಅಂಗುಲ ಎತ್ತರಕ್ಕೆ ಹಿಗ್ಗಿಸಿದರೆ ಅಗಲ 15 ಅಂಗುಲ ಆಗಲೇಬೇಕು. ಕಾಗದ ಇದ್ದದ್ದೋ 12 ಅಂಗುಲ. ಉಳಿದ ಮೂರು ಅಂಗುಲ, ಎಡಕ್ಕೆ ಒಂದೂವರೆ ಬಲಕ್ಕೆ ಒಂದೂವರೆಯಂತೆ, ಕಾಗದದ ಆಚೆ ಕತ್ತಲೆ ಕೋಣೆಯ ಮೇಜಿನ ಮೇಲೆ ಬಿದ್ದು ಹೋಯಿತು. ಚಿತ್ರದ ಐದನೆಯ ಒಂದು ಪಾಲು! ನಿಂತವರ ಸಾಲಿನಲ್ಲಿ 13 ಮಂದಿ ಇದ್ದರು. ಒಬ್ಬೊಬ್ಬರಿಗೆ ಬರುವ ಜಾಗ ಒಂದು ಅಂಗುಲಕ್ಕೆ ತುಸು ಹೆಚ್ಚು. ಮೇಲಿಂದ, ಕಟ್ಟಿನ ಮರ ಒಳ ಅಂಚಿನಲ್ಲಿ ಸುತ್ತಲೂ ಕಾಲು ಅಂಗುಲದಷ್ಟು ಚಿತ್ರವನ್ನು ಮುಚ್ಚುತ್ತದೆ. ಅಜ್ಜಿಗೆ ನಾಲ್ಕು ಬೆರಳು ಉಳಿದದ್ದೇ ಪುಣ್ಯ.

ಇಷ್ಟು ಲೆಕ್ಕ ಸಿಕ್ಕ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬಂತು. ಕ್ಯಾಮೆರಾ ಮಾಡಿದವರೂ ಕಾಗದ ಮಾಡಿದವರೂ ಕಟ್ಟು ಮಾಡಿದವರೂ ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲವೇ? ದೆಹಲಿಗೆ ಹಿಂದಿರುಗಿದ ಮೇಲೆ ಕೆಲವು ತಿಂಗಳು ಇದರ ಹಿಂದೆ ಬಿದ್ದೆವು. ಕೇಳಿರಲಿಲ್ಲ ಎಂಬುದೇ ಉತ್ತರ. ಆ ಕಥೆ ನೂರ ಎಂಬತ್ತು ವರ್ಷಗಳಿಗೂ ಹೆಚ್ಚು ಉದ್ದದ್ದು.

ಮೊದಲ ಸಂಗತಿ ಏನೆಂದರೆ, ಲೆನ್ಸಿಗೆ ಚೌಕವೂ ಗೊತ್ತಿಲ್ಲ, ಆಯತವೂ ಗೊತ್ತಿಲ್ಲ. ಅದು ಮೂಡಿಸುವ ಬಿಂಬ ದುಂಡಗಿರುತ್ತದೆ. ಆ ದುಂಡಿನೊಳಗೆ ಯಾವ ಆಕಾರವನ್ನು ಕತ್ತರಿಸಿಕೊಳ್ಳಬೇಕೆಂಬುದು ಪೂರ್ತಿ ಮನುಷ್ಯರ ಏರ್ಪಾಡು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊಟ್ಟಮೊದಲ ಕೊಡಕ್ ಕ್ಯಾಮೆರಾದಲ್ಲಿ ಬರುತ್ತಿದ್ದುದು ಎರಡೂವರೆ ಅಂಗುಲ ವ್ಯಾಸದ ದುಂಡು ಚಿತ್ರಗಳೇ. 25 ಡಾಲರಿನ ಆ ಪೆಟ್ಟಿಗೆಯಲ್ಲಿ ನೂರು ಚಿತ್ರಗಳಿಗಾಗುವ ಸುರುಳಿಯನ್ನು ಮೊದಲೇ ತುಂಬಿ ಕೊಡುತ್ತಿದ್ದರು. ತೆಗೆದು ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕು. ಲೆನ್ಸಿನ ಬಿಂಬ ಅಂಚಿನಲ್ಲಿ ಮಬ್ಬಾಗುತ್ತಿದ್ದುದರಿಂದ ಚೊಕ್ಕವಾಗಿರುವ ನಡುಭಾಗವನ್ನು ಮಾತ್ರ ಉಳಿಸಿಕೊಂಡಿದ್ದರು. ಇಣುಕಿ ನೋಡುವ ಕಿಂಡಿಯೂ ಇಲ್ಲದ ಆ ಕ್ಯಾಮೆರಾವನ್ನು ಸೊಟ್ಟಗೆ ಹಿಡಿದರೂ ದುಂಡು ಚಿತ್ರದಲ್ಲಿ ತಿರುಗಿಸಿಕೊಂಡು ಸರಿಮಾಡಬಹುದಿತ್ತು. ಎಂಥ ಅನುಕೂಲ! ಆದರೆ ದುಂಡು ಚಿತ್ರದ ಆಯುಷ್ಯ ಹೆಚ್ಚಾಗಲಿಲ್ಲ.

ಅದಕ್ಕೂ ಹಿಂದೆ ತಟ್ಟೆಗಳ ಕಾಲ. 1839ರಲ್ಲಿ ಪ್ಯಾರಿಸಿನಲ್ಲಿ ದಾಗೆರ್ ತನ್ನ ವಿಧಾನವನ್ನು ಬಹಿರಂಗಪಡಿಸಿದಾಗ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಪೂರ್ಣ ಅಳತೆ ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲ. ಅದನ್ನು ಎರಡು ಮಾಡಿದರೆ ಅರ್ಧ, ನಾಲ್ಕು ಮಾಡಿದರೆ ಕಾಲು. ತಗಡು ಹೋಗಿ ಗಾಜು ಬಂದಾಗಲೂ ಹೆಸರು ಉಳಿಯಿತು. ನಮ್ಮ ಕಡೆಯ ಹಳೆಯ ಸ್ಟುಡಿಯೋದವರು ‘ಫುಲ್ ಪ್ಲೇಟ್, ಹಾಫ್ ಪ್ಲೇಟ್’ ಎನ್ನುತ್ತಿದ್ದುದನ್ನು ಹಿರಿಯ ವಾಚಕರು ಕೇಳಿಯೇ ಇರುತ್ತಾರೆ. ಅದು ದಾಗೆರ್‌ನ ತಗಡಿನಿಂದ ಇಳಿದು ಬಂದ ಮಾತು. ಅಮೆರಿಕದವರು ಇದರ ಪಕ್ಕದಲ್ಲೇ 4 ಅಂಗುಲಕ್ಕೆ 5, 8 ಅಂಗುಲಕ್ಕೆ 10 ಎಂಬ ತಟ್ಟೆಗಳನ್ನು ರೂಢಿಗೆ ತಂದರು. ಇವೆಲ್ಲ ಸುಮಾರಾಗಿ ಮೊಂಡು ಆಕಾರದವು, ಚೌಕಕ್ಕಿಂತ ತುಸು ಉದ್ದ, ಅಷ್ಟೇ. ಒಬ್ಬಿಬ್ಬರು ಕುರ್ಚಿಯಲ್ಲಿ ಕುಳಿತು, ಪಕ್ಕದ ಮೇಜಿನ ಮೇಲೆ ಹೂದಾನಿಯನ್ನೋ ಗಡಿಯಾರವನ್ನೋ ಇಟ್ಟುಕೊಂಡು ತೆಗೆಸಿಕೊಳ್ಳುವ ಚಿತ್ರಕ್ಕೆ ಹೇಳಿ ಮಾಡಿಸಿದಂತಿದ್ದವು.

ಆ ಕಾಲದಲ್ಲಿ ನಮ್ಮ ಅಜ್ಜಿಯ ಸಮಸ್ಯೆ ಹುಟ್ಟುವಂತೆಯೇ ಇರಲಿಲ್ಲ. ಏಕೆಂದರೆ ಗಾಜಿನ ನೆಗೆಟಿವನ್ನು ಕಾಗದಕ್ಕೆ ಒತ್ತಿ ಹಿಡಿದು ಬೆಳಕು ಕೊಡುತ್ತಿದ್ದರು. ಗಾಜು ಎಷ್ಟೋ ಕಾಗದ ಅಷ್ಟೇ, ಕಾಗದ ಎಷ್ಟೋ ಕಟ್ಟು ಅಷ್ಟೇ. ಕತ್ತರಿಗೆ ಕೆಲಸವಿರಲಿಲ್ಲ. ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಇದ್ದರು. ಕಾಗದದ ಕಾರ್ಖಾನೆಗಳೂ ಕಟ್ಟು ಮಾಡುವವರೂ ಈ ತಟ್ಟೆಗಳ ಲೆಕ್ಕದಲ್ಲೇ ತಮ್ಮ ಅಳತೆಗಳನ್ನು ನಿಲ್ಲಿಸಿಕೊಂಡರು: 8ಕ್ಕೆ 10, 10ಕ್ಕೆ 12, 12ಕ್ಕೆ 15, 16ಕ್ಕೆ 20. ಯಂತ್ರ, ಅಚ್ಚು, ಗಾಜಿನ ಹಾಳೆ, ರಟ್ಟಿನ ಪೆಟ್ಟಿಗೆ ಎಲ್ಲವೂ ಒಮ್ಮೆ ಒಂದು ಅಳತೆಗೆ ಕೂತ ಮೇಲೆ ಅದನ್ನು ಅಲುಗಿಸುವುದು ಸುಲಭವಲ್ಲ. ನಮ್ಮ ಕಚೇರಿಯ ನಮೂನೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆ ಒಡೆದದ್ದು ಚಲನಚಿತ್ರದಿಂದ. ಎಡಿಸನ್ನರ ಪ್ರಯೋಗಶಾಲೆಯಲ್ಲಿ ವಿಲಿಯಂ ಕೆನಡಿ ಲಾರಿ ಡಿಕ್ಸನ್ ಎಂಬ ಸಹಾಯಕರಿದ್ದರು. ಓಡುವ ಚಿತ್ರ ಹಿಡಿಯುವ ಯಂತ್ರದ ಕೆಲಸ ಅವರ ಪಾಲಿಗೆ ಬಂದಿತ್ತು. ಮೇಲೆ ಹೇಳಿದ ದುಂಡು ಚಿತ್ರದ ಕೊಡಕ್ಕಿಗಾಗಿ ಈಸ್ಟ್‌ಮನ್ ತಯಾರಿಸುತ್ತಿದ್ದ ಫಿಲ್ಮಿನ ಅಗಲ 70 ಮಿಲಿಮೀಟರ್. ಡಿಕ್ಸನ್ ಅದನ್ನೇ ತರಿಸಿ ಉದ್ದಕ್ಕೆ ಎರಡು ಸೀಳು ಮಾಡಿಕೊಂಡರು: 35 ಮಿಲಿಮೀಟರ್. ಜಗತ್ತಿನ ಅತಿ ಪ್ರಸಿದ್ಧ ಫಿಲ್ಮಿನ ಅಳತೆ ಹುಟ್ಟಿದ್ದು ಹೀಗೆ, ಇದ್ದ ಸಾಮಾನನ್ನು ಅರ್ಧ ಮಾಡಿಕೊಂಡು. ಎರಡು ಅಂಚಿನಲ್ಲೂ ಹಲ್ಲುಚಕ್ರ ಹಿಡಿಯಲು ತೂತು ಕೊರೆದ ಮೇಲೆ ನಡುವೆ ಉಳಿದದ್ದು ಒಂದು ಅಂಗುಲ ಅಗಲ. ಒಂದೊಂದು ಚಿತ್ರಕ್ಕೆ ನಾಲ್ಕು ತೂತುಗಳ ಎತ್ತರ ಕೊಟ್ಟರು. ಅದು ಮುಕ್ಕಾಲು ಅಂಗುಲ. ಒಂದಕ್ಕೆ ಮುಕ್ಕಾಲು ಎಂದರೆ ನಾಲ್ಕಕ್ಕೆ ಮೂರು. 1892ರ ಸುಮಾರಿಗೆ ಈ ವ್ಯವಸ್ಥೆ ಕುದುರಿತು. 1909ರ ಹೊತ್ತಿಗೆ ಅಂತಾರಾಷ್ಟ್ರೀಯ ಚಲನಚಿತ್ರ ವ್ಯಾಪಾರದಲ್ಲಿ ಈ ಫಿಲ್ಮೇ ಪ್ರಮಾಣವೆಂದು ಅಂಗೀಕೃತವಾಯಿತು. ವಾಚಕರು ಈ ನಾಲ್ಕಕ್ಕೆ ಮೂರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಗೆ ಅದು ಎಲ್ಲಿಂದಲೋ ತಿರುಗಿ ನಮ್ಮ ಜೇಬಿಗೇ ಬರುತ್ತದೆ.

ಈಗ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿಗೆ ಬರೋಣ. ಅಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುವ ಲೈಟ್ಸ್ ಕಾರ್ಖಾನೆ. ಓಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿ 1911ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದರು. ಅವರಿಗೆ ಎರಡು ವಸ್ತು ಅಂಟಿಕೊಂಡಿದ್ದವು: ಛಾಯಾಚಿತ್ರದ ಹುಚ್ಚು ಮತ್ತು ಉಬ್ಬಸ. 13 ಸೆಂಟಿಮೀಟರಿಗೆ 18 ಸೆಂಟಿಮೀಟರಿನ ಗಾಜಿನ ತಟ್ಟೆಗಳ ಕ್ಯಾಮೆರಾವನ್ನು ಹೊತ್ತು ಗುಡ್ಡ ಹತ್ತುವುದು ಉಬ್ಬಸದವರಿಗೆ ಆಗುವ ಮಾತಲ್ಲ. ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಬೇಕು, ಅದಕ್ಕೆ ಸಿನಿಮಾ ಫಿಲ್ಮಿನ ತುಂಡು ಸಾಕು ಎಂದು ಅವರಿಗೆ ಹೊಳೆಯಿತು. ಆದರೆ 24ಕ್ಕೆ 18 ಮಿಲಿಮೀಟರಿನ ಸಿನಿಮಾ ಚಿತ್ರ ಬಹಳ ಚಿಕ್ಕದು. ಹಿಗ್ಗಿಸಿದರೆ ಕಾಳುಕಾಳಾಗಿ ಒಡೆಯುತ್ತದೆ. ಬಾರ್ನಾಕ್ ಮಾಡಿದ್ದು ಇಷ್ಟೇ: ಫಿಲ್ಮನ್ನು ಮೇಲಿನಿಂದ ಕೆಳಕ್ಕೆ ಓಡಿಸುವ ಬದಲು ಅಡ್ಡಲಾಗಿ ಓಡಿಸಿ, ಅಕ್ಕಪಕ್ಕದ ಎರಡು ಸಿನಿಮಾ ಚಿತ್ರಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟರು. 18 ಮತ್ತು 18 ಸೇರಿ 36, ಎತ್ತರ 24. ನಾಲ್ಕಕ್ಕೆ ಮೂರು ಎರಡಾದಾಗ ಮೂರಕ್ಕೆ ಎರಡಾಯಿತು. ಸೌಂದರ್ಯಶಾಸ್ತ್ರವಿಲ್ಲ, ಗ್ರೀಕರ ಸುವರ್ಣಪ್ರಮಾಣವಿಲ್ಲ. ಒಂದು ಕೂಡಿಸುವ ಲೆಕ್ಕ, ಒಬ್ಬ ಉಬ್ಬಸದವರ ಅನುಕೂಲ.

1914ರ ಹೊತ್ತಿಗೆ ಮಾದರಿ ಸಿದ್ಧವಾಗಿತ್ತು. ಅಷ್ಟರಲ್ಲಿ ಮಹಾಯುದ್ಧ, ಆಮೇಲೆ ಜರ್ಮನಿಯ ಹಣದುಬ್ಬರ. ‘ಈ ಆಟಿಕೆಯನ್ನು ಯಾರು ಕೊಳ್ಳುತ್ತಾರೆ’ ಎಂಬ ಅನುಮಾನವೂ ಇತ್ತು. ಮಾಲೀಕ ಎರಡನೆಯ ಅರ್ನ್ಸ್ಟ್ ಲೈಟ್ಸ್ 1924ರಲ್ಲಿ ತಯಾರಿಸಿಯೇ ಬಿಡೋಣವೆಂದು ನಿರ್ಧರಿಸಿದರು. 1925ರ ಲೈಪ್ಸಿಗ್ ವಸಂತಮೇಳದಲ್ಲಿ ‘ಲೈಕಾ’ ಎಂಬ ಹೆಸರಿನಿಂದ ಅದು ಹೊರಬಂತು. ಸಣ್ಣ ನೆಗೆಟಿವ್, ದೊಡ್ಡ ಚಿತ್ರ ಎಂಬುದು ಬಾರ್ನಾಕರ ಸೂತ್ರ. ಇಲ್ಲಿಯೇ ಎಲ್ಲ ಅಡಗಿದೆ. ನೆಗೆಟಿವ್ ಸಣ್ಣದಾದ ಮೇಲೆ ಒತ್ತಿ ಮುದ್ರಿಸುವುದು ಸಾಧ್ಯವಿಲ್ಲ, ಹಿಗ್ಗಿಸಲೇಬೇಕು. ಹಿಗ್ಗಿಸುವ ಕಾಗದವೋ ಹಳೆಯ ತಟ್ಟೆಗಳ ಅಳತೆಯದು. ಒಂದು ಮನೆಯಲ್ಲಿದ್ದ ಅಣ್ಣತಮ್ಮಂದಿರು ಅಂದಿನಿಂದ ಬೇರೆಯಾದರು.

ಕ್ಯಾಮೆರಾದವರೆಲ್ಲ ಕಣ್ಣು ಮುಚ್ಚಿ ಇದನ್ನು ಒಪ್ಪಿಕೊಂಡರೆಂದೂ ಅಲ್ಲ. ಜಪಾನಿನ ನಿಪ್ಪಾನ್ ಕೊಗಾಕು ಕಂಪನಿ 1948ರಲ್ಲಿ ತನ್ನ ಮೊದಲ ನಿಕಾನ್ ಕ್ಯಾಮೆರಾವನ್ನು 24ಕ್ಕೆ 32 ಮಿಲಿಮೀಟರಿನ ಚಿತ್ರಕ್ಕೆ ಮಾಡಿತು. ಮುದ್ರಣ ಕಾಗದಕ್ಕೆ ಅದು ಹೆಚ್ಚು ಹೊಂದುತ್ತಿತ್ತು. 36 ಚಿತ್ರದ ಸುರುಳಿಯಲ್ಲಿ 40 ಬರುತ್ತಿದ್ದವು. ಬುದ್ಧಿವಂತಿಕೆಯ ಕೆಲಸವೇ. ಆದರೆ ಅಮೆರಿಕದಲ್ಲಿ ಬಣ್ಣದ ಸ್ಲೈಡುಗಳನ್ನು ಕತ್ತರಿಸಿ ರಟ್ಟಿಗೆ ಕೂರಿಸುವ ಯಂತ್ರಗಳು ಲೈಕಾದ ಅಳತೆಗೆ ಹೊಂದಿಸಿದಂಥವು. ಈ ಕಾರಣದಿಂದಲೇ ಆಗ ಜಪಾನನ್ನು ಆಳುತ್ತಿದ್ದ ಮಿತ್ರಪಡೆಗಳ ಆಡಳಿತ ಆ ಕ್ಯಾಮೆರಾದ ರಫ್ತಿಗೆ ಒಪ್ಪಲಿಲ್ಲವೆಂದು ಹೇಳುತ್ತಾರೆ. ನಿಕಾನ್ 34ಕ್ಕೆ ಬಂದು, ಆಮೇಲೆ ಸುಮ್ಮನೆ 36ಕ್ಕೇ ಬಂದು ನಿಂತಿತು.

ಚೌಕದ ಪಂಥವೊಂದು ಬೇರೆಯೇ ಇತ್ತು. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗಿನಿಂದ ಬಂದ ರೋಲೈಫ್ಲೆಕ್ಸ್ ಎಂಬ ಎರಡು ಕಣ್ಣಿನ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅಂಥದನ್ನು ಅಡ್ಡ ತಿರುಗಿಸಿ ಹಿಡಿಯುವುದು ಸರ್ಕಸ್ಸು. ಆದ್ದರಿಂದ ಚಿತ್ರವನ್ನೇ ಚೌಕ ಮಾಡಿದರು. ಉದ್ದಕ್ಕೋ ಅಡ್ಡಕ್ಕೋ, ಬೇಕಾದಂತೆ ಆಮೇಲೆ ಕತ್ತರಿಸಿಕೊಳ್ಳಿ ಎಂದು. ಕತ್ತರಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಕ್ಯಾಮೆರಾ ಇದು. ನಮ್ಮ ದೇಶದ ಮಧ್ಯಮವರ್ಗದ ಮನೆಗಳಿಗೆ ಚೌಕ ಬಂದದ್ದು ಬರೋಡೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಮೂರು ಎಂಬ ಸಾಧು ಕ್ಯಾಮೆರಾದ ಮೂಲಕ. 120 ಸಂಖ್ಯೆಯ ಸುರುಳಿಗೆ ಹನ್ನೆರಡು ಚೌಕ ಚಿತ್ರ. ಸುರುಳಿಯೂ ಸ್ವದೇಶಿಯದೇ ಆಗಬಹುದಿತ್ತು. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಹನ್ನೆರಡೇ ಚಿತ್ರವಾದ್ದರಿಂದ ಪ್ರತಿಯೊಂದಕ್ಕೂ ಮನೆಯವರೆಲ್ಲ ಸಮಾಲೋಚನೆ ನಡೆಸುತ್ತಿದ್ದರಂತೆ. ಈಗ ಊಟದ ಎಲೆಯದೇ ಹನ್ನೆರಡು ಚಿತ್ರವಾಗುತ್ತದೆ.

ಚೌಕದ ಮಾತು ಬಂದದ್ದರಿಂದ ಒಂದು ಸ್ವಾರಸ್ಯ. 1969ರಲ್ಲಿ ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗರು ಆಲ್ಡ್ರಿನ್ನರ ನಿಂತ ಚಿತ್ರ ತೆಗೆದದ್ದು ಹ್ಯಾಸೆಲ್‌ಬ್ಲಾಡ್ ಎಂಬ ಚೌಕ ಚಿತ್ರದ ಕ್ಯಾಮೆರಾದಲ್ಲಿ. ಜಗತ್ತಿನ ಎಷ್ಟೋ ಮನೆಗಳಲ್ಲಿ ಕಟ್ಟು ಹಾಕಿಸಿಕೊಂಡ ಚಿತ್ರ. ಅದರ ಮೂಲದಲ್ಲಿ ಕ್ಯಾಮೆರಾ ಸೊಟ್ಟಗಿದೆ, ಆಲ್ಡ್ರಿನ್ನರ ತಲೆಯ ಮೇಲೆ ಆಕಾಶವೇ ಇಲ್ಲವೆನ್ನುವಷ್ಟು ಕಡಿಮೆ, ಬೆನ್ನಿನ ಪೆಟ್ಟಿಗೆಯ ಆಂಟೆನಾದ ತುದಿಯೂ ತುಂಡಾಗಿದೆ. ಪ್ರಕಟಿಸುವಾಗ ನಾಸಾದವರು ಚಿತ್ರವನ್ನು ನೆಟ್ಟಗೆ ಮಾಡಿ ಮೇಲೆ ಒಂದಷ್ಟು ಕಪ್ಪನ್ನು ಸೇರಿಸಿದರು. ಚಂದ್ರನ ಆಕಾಶ ಕಪ್ಪೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹಾಸನ ಜಿಲ್ಲೆಯ ಚಪ್ಪರದ ಮೇಲೆ ಆ ಸೌಕರ್ಯ ಇಲ್ಲ.

ಕತ್ತರಿಯನ್ನು ಮುಟ್ಟಲೇಬಾರದು ಎಂದು ವ್ರತ ತೊಟ್ಟವರೂ ಇದ್ದರು. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸನ್ನರು ಲೈಕಾದ ಮೂರಕ್ಕೆ ಎರಡರ ಚೌಕಟ್ಟಿನೊಳಗೇ ಎಲ್ಲವನ್ನೂ ಕೂರಿಸಿ ತೆಗೆಯುವವರು. ನೆಗೆಟಿವ್ ಪೂರ್ತಿ ಬಂದಿದೆ ಎಂಬುದಕ್ಕೆ ಸಾಕ್ಷಿಯಾಗಿ ಸುತ್ತಲೂ ಕಪ್ಪು ಗೆರೆ ಬರುವಂತೆ ಮುದ್ರಿಸುವುದಕ್ಕೆ ಅವರ ಹೆಸರು ಸೇರಿಕೊಂಡಿದೆ. 1948ರ ಜನವರಿ 30ರಂದು ಇದೇ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿಗೇ ಹತ್ಯೆಯ ಸುದ್ದಿ ಅವರಿಗೆ ತಲುಪಿತು. ಇಷ್ಟಾಗಿ, ಅವರದೇ ಅತ್ಯಂತ ಹೆಸರುವಾಸಿ ಚಿತ್ರ, 1932ರಲ್ಲಿ ಪ್ಯಾರಿಸಿನ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುತ್ತಿರುವ ಮನುಷ್ಯನದು, ಕತ್ತರಿಸಿದ್ದೇ. ಬೇಲಿಯ ಸಂದಿನಿಂದ ತೆಗೆದದ್ದರಿಂದ ಒಂದು ಪಕ್ಕ ಹಲಗೆ ಅಡ್ಡ ಬಂದಿತ್ತು. ವ್ರತ ಮುರಿದದ್ದಕ್ಕೆ ನಮಗೆ ಸಂತೋಷವೇ. ಕತ್ತರಿಯ ಮೇಲೆ ನಮಗೇನೂ ದ್ವೇಷವಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದೇ ಜಗಳ.

ಎಂಬತ್ತರ ದಶಕದಲ್ಲಿ ನಮ್ಮ ಸಣ್ಣ ಪೇಟೆಗಳಿಗೂ ಬಣ್ಣದ ಫಿಲ್ಮು ಬಂದಾಗ, ಮದುವೆಗೆ ಬರುವ ಛಾಯಾಗ್ರಾಹಕರು ಚೌಕದ ಕ್ಯಾಮೆರಾ ಬದಿಗಿಟ್ಟು 35 ಮಿಲಿಮೀಟರಿಗೆ ತಿರುಗಿದರು. ಇಣುಕುಗಂಡಿಯಲ್ಲಿ ಹದಿಮೂರು ಮಂದಿ ಆರಾಮವಾಗಿ ಹಿಡಿಸಿದರು. ಆದರೆ ದೊಡ್ಡ ಪಟ ಬೇಕೆಂದಾಗ ಸ್ಟುಡಿಯೋದಲ್ಲಿದ್ದ ಕಾಗದ 10ಕ್ಕೆ 12ರದು, ಪಕ್ಕದ ಅಂಗಡಿಯಲ್ಲಿದ್ದ ಕಟ್ಟೂ 10ಕ್ಕೆ 12ರದು. ಲೈಪ್ಸಿಗ್ಗಿನ ಮೇಳವಾಗಿ 61 ವರ್ಷ ಕಳೆದಿತ್ತು. ಕತ್ತಲೆ ಕೋಣೆಯ ಹುಡುಗ ವಧೂವರರನ್ನು ನಡುವೆ ಕೂರಿಸಿ ಅಂಚುಗಳನ್ನು ಬಿಟ್ಟ. ಮದುವೆ ಪಟದಲ್ಲಿ ನಡುವೆ ಯಾರಿರಬೇಕೋ ಅವರಿದ್ದರು. ಅವನನ್ನು ಬೈಯಲು ಈಗ ನಮಗೆ ಬಾಯಿ ಬರುವುದಿಲ್ಲ.

ಅಜ್ಜಿ ತುದಿಯಲ್ಲಿ ಏಕೆ ನಿಂತಿದ್ದಳು ಎಂಬುದನ್ನು ಅಮ್ಮ ಹೇಳಿದಳು. ಗಂಡ ಸತ್ತವಳು ಮುತ್ತೈದೆಯರ ನಡುವೆ ನಿಲ್ಲಬಾರದೆಂದು ಯಾರೂ ಅಂದಿರಲಿಲ್ಲವಂತೆ. ಚಿಕ್ಕಪ್ಪ ಕೈಹಿಡಿದು ಎಳೆದರೂ ಬರಲಿಲ್ಲವಂತೆ. ತಾನಾಗಿ ಹೋಗಿ ಚಪ್ಪರದ ಕಂಬದ ಪಕ್ಕ ನಿಂತಳಂತೆ.

ಈಗಿನ ಕಾಲಕ್ಕೆ ಬೇಗ ಬರೋಣ. 1996ರಲ್ಲಿ ಕ್ಯಾಮೆರಾ ಕಂಪನಿಗಳು ಕೂಡಿ ಒಂದೇ ಸುರುಳಿಯಲ್ಲಿ ಮೂರು ಆಕಾರದ ಚಿತ್ರ ಮುದ್ರಿಸಿಕೊಳ್ಳಬಹುದಾದ ಹೊಸ ಫಿಲ್ಮೊಂದನ್ನು ತಂದವು. ಅಷ್ಟರಲ್ಲಿ ಡಿಜಿಟಲ್ ಬಂದು 2011ರ ಹೊತ್ತಿಗೆ ಅದರ ತಯಾರಿಕೆಯೇ ನಿಂತಿತು. ಡಿಜಿಟಲ್ಲಿನಲ್ಲೂ ಎರಡು ಕುಲ. ದೊಡ್ಡ ಕ್ಯಾಮೆರಾಗಳು ಹಳೆಯ ಲೆನ್ಸುಗಳ ಜೊತೆಗೆ ಬಾರ್ನಾಕರ ಮೂರಕ್ಕೆ ಎರಡನ್ನೂ ಉಳಿಸಿಕೊಂಡವು. ಸಣ್ಣ ಕ್ಯಾಮೆರಾಗಳ ವಂಶ ಬೇರೆ. ಡಿಕ್ಸನ್ನರ ನಾಲ್ಕಕ್ಕೆ ಮೂರನ್ನು ಸಿನಿಮಾದಿಂದ ಟೆಲಿವಿಷನ್ ಪಡೆಯಿತು, ಟೆಲಿವಿಷನ್ನಿನಿಂದ ಕಂಪ್ಯೂಟರಿನ ಪರದೆ ಪಡೆಯಿತು, ಅಲ್ಲಿಂದ ಸಣ್ಣ ಕ್ಯಾಮೆರಾ, ಅಲ್ಲಿಂದ ಮೊಬೈಲು. ನಮ್ಮ ಮೊಬೈಲುಗಳು ಸಾಮಾನ್ಯವಾಗಿ ನಾಲ್ಕಕ್ಕೆ ಮೂರರ ಚಿತ್ರ ಕೊಡುವುದು ಇದರಿಂದ. ಉದ್ದುದ್ದ ಪರದೆಗೆ ತುಂಬಿ ಕಾಣಲೆಂದು ಹದಿನಾರಕ್ಕೆ ಒಂಬತ್ತು ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದರೆ ಚಿತ್ರ ದೊಡ್ಡದಾಗುತ್ತದೆಂದು ತಿಳಿದವರು ಬಹಳ. ಬಹುಪಾಲು ಮೊಬೈಲುಗಳಲ್ಲಿ ಆಗುವುದು ತಿರುವುಮುರುವು. ಇದ್ದ ಚಿತ್ರದ ಎರಡು ಅಂಚನ್ನು ಅದು ಮೊದಲೇ ಕತ್ತರಿಸಿ ಕೊಡುತ್ತದೆ.

ಕಾಗದವೂ ಅಷ್ಟಿಷ್ಟು ದಾರಿಗೆ ಬಂದಿದೆ. 4ಕ್ಕೆ 6, 8ಕ್ಕೆ 12, 12ಕ್ಕೆ 18 ಈಗ ಎಲ್ಲ ಕಡೆ ಸಿಗುತ್ತವೆ. ಮೂರೂ ಲೈಕಾದ ಮಕ್ಕಳು. ತಮಾಷೆಯೆಂದರೆ ಕಾಗದ ಲೈಕಾದ ಕಡೆಗೆ ಬಂದ ಹೊತ್ತಿಗೆ ಜನರ ಕೈಯಲ್ಲಿದ್ದ ಕ್ಯಾಮೆರಾ ಡಿಕ್ಸನ್ನರ ಕಡೆಗೆ ಹೋಗಿತ್ತು. ಮೊಬೈಲಿನ ಚಿತ್ರವನ್ನು 4ಕ್ಕೆ 6ರಲ್ಲಿ ಮುದ್ರಿಸಲು ಕೊಟ್ಟರೆ 6 ಅಂಗುಲ ಅಗಲಕ್ಕೆ ನಾಲ್ಕೂವರೆ ಅಂಗುಲ ಎತ್ತರ ಬೇಕು. ಅರ್ಧ ಅಂಗುಲ, ಎಂದರೆ ಒಂಬತ್ತನೆಯ ಒಂದು ಪಾಲು, ಮೇಲೆ ಕೆಳಗೆ ಹೋಗುತ್ತದೆ. ನಮ್ಮ ಸಂಘದ ಕಳೆದ ರಾಜ್ಯೋತ್ಸವದ ಚಿತ್ರಗಳಲ್ಲಿ ಹಿಂದಿನ ಸಾಲಿನ ಮೈಸೂರು ಪೇಟಗಳ ತುದಿ ಹಾರಿಹೋದದ್ದು ಹೀಗೆ. ಅದೇ ಚಿತ್ರವನ್ನು ಹಳೆಯ ಕಾಲದ 12ಕ್ಕೆ 15ರಲ್ಲಿ ಹಾಕಿಸಿದ್ದರೆ ಹೋಗುತ್ತಿದ್ದುದು 16ರಲ್ಲಿ ಒಂದು ಪಾಲು ಮಾತ್ರ. ಕ್ಯಾಮೆರಾದ ಚಿತ್ರಕ್ಕೆ ಬೇಡವಾದ ಅಜ್ಜನ ಕಾಲದ ಕಟ್ಟು ಮೊಬೈಲಿನ ಚಿತ್ರಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ಇನ್ನೊಂದು ದಾರಿ ಉಂಟು. ಚಿತ್ರವನ್ನು ಅದರ ಆಕಾರದಲ್ಲೇ ಪೂರ್ತಿ ಮುದ್ರಿಸಿ, ಸುತ್ತ ಮೌಂಟ್ ಬೋರ್ಡಿನ ಅಂಚು ಕೊಟ್ಟು, ಕಟ್ಟನ್ನು ಅದರ ಹೊರಗೆ ಹಾಕಿಸುವುದು. ಉದಾಹರಣೆಗೆ 10ಕ್ಕೆ 15ರ ಚಿತ್ರವನ್ನು 16ಕ್ಕೆ 20ರ ಸಿದ್ಧ ಕಟ್ಟಿನಲ್ಲಿ ಇಟ್ಟರೆ ಮೇಲೆ ಕೆಳಗೆ ಮೂರು ಮೂರು, ಪಕ್ಕಗಳಿಗೆ ಎರಡೂವರೆ ಅಂಗುಲ ಅಂಚು ಬರುತ್ತದೆ, ನೋಡಲೂ ಚೆನ್ನ. ಮರದ ಅಂಚು ನುಂಗುವ ಕಾಲು ಅಂಗುಲವೂ ಬೋರ್ಡಿನದೇ ಆಗುತ್ತದೆ, ಮನುಷ್ಯರದಲ್ಲ.

ನೆಗೆಟಿವನ್ನು ಸ್ಕ್ಯಾನ್ ಮಾಡಿಸಿ 12ಕ್ಕೆ 18ರಲ್ಲಿ ಪೂರ್ತಿ ಮುದ್ರಿಸಿಕೊಂಡು ದೆಹಲಿಯ ಒಂದು ಕಟ್ಟು ಹಾಕುವ ಅಂಗಡಿಗೆ ಹೋದೆವು. ಅಂಗಡಿಯ ಮುದುಕರು ಚಿತ್ರವನ್ನು ತಿರುಗಿಸಿ ನೋಡಿ, ‘ಸಾಹೇಬರೇ, 12ಕ್ಕೆ 15ರ ಕಟ್ಟು ಸಿದ್ಧವಿದೆ, ಅರ್ಧ ಬೆಲೆ. ಎರಡು ಪಕ್ಕದಿಂದ ಒಂದೊಂದೂವರೆ ಅಂಗುಲ ತೆಗೆದರೆ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಮುಖ್ಯರಾದವರು ಯಾರೂ ಇಲ್ಲವಲ್ಲ’ ಎಂದರು. ನಾವು ಅಜ್ಜಿಯ ಮೇಲೆ ಬೆರಳಿಟ್ಟು ಯಾರೆಂದು ಹೇಳಿದೆವು. ಮುದುಕರು ಮರುಮಾತಾಡದೆ ಅಳತೆಯ ಪಟ್ಟಿ ತೆಗೆದು ಹೊಸ ಕಟ್ಟಿಗೆ ಗುರುತು ಹಾಕಿಕೊಂಡರು. ಆಮೇಲೆ ಇನ್ನೊಂದು ತುದಿಗೆ ಬೆರಳಿಟ್ಟು, ‘ಇವರು?’ ಎಂದರು.

ಅಷ್ಟು ದಿನ ಅಜ್ಜಿಯನ್ನೇ ನೋಡುತ್ತಿದ್ದ ನಮಗೆ ಆಗ ಹೊಳೆಯಿತು. ಬಲತುದಿಯಲ್ಲೂ ಒಂದೂವರೆ ಅಂಗುಲ ತಿರುಗಿ ಬಂದಿತ್ತು. ಅಲ್ಲಿ ಒಬ್ಬರು ವಾಲಗವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಹೆಜ್ಜೆ ಹಿಂದಕ್ಕೆ, ಸೆಟೆದು ನಿಂತಿದ್ದಾರೆ. ಹಳೆಯ ಪಟದಲ್ಲಿ ಅವರದು ಬೆರಳೂ ಇರಲಿಲ್ಲ. ಊರಿಗೆ ಫೋನು ಮಾಡಿ ವಿಚಾರಿಸಿದೆವು. ಪಕ್ಕದ ಹಳ್ಳಿಯವರು, ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಮೊಮ್ಮಗ ಅರಸೀಕೆರೆಯಲ್ಲಿದ್ದಾನೆ ಎಂದು ಚಿಕ್ಕಪ್ಪ ಹೇಳಿದರು. ಅವರ ಮನೆಯಲ್ಲೂ ತಾತನ ಫೋಟೋ ಒಂದೂ ಇಲ್ಲವಂತೆ. ಇನ್ನೊಂದು ಪ್ರತಿ ಮುದ್ರಿಸಿ, ಮಡಿಕೆ ಬೀಳದಂತೆ ಕೊಳವೆಯಲ್ಲಿ ಸುತ್ತಿ ಅಂಚೆಗೆ ಹಾಕಿದ್ದೇವೆ. ಜೊತೆಗೆ ಒಂದು ಚೀಟಿ: ‘ಕಟ್ಟು ಹಾಕಿಸುವಾಗ 12ಕ್ಕೆ 18 ಎಂದೇ ಹೇಳಿ. ಸಿದ್ಧವಿಲ್ಲ ಎಂದರೆ ಇನ್ನೊಂದು ಅಂಗಡಿಗೆ ಹೋಗಿ.’